ಐದಕ್ಕೈದು ಕೊಟ್ಟರೂ ನೊಂದ ಕುರ್ಚಿ

ಬಿಸಿ ಮರಳಿನಲ್ಲಿ ಮಂಡಕ್ಕಿ ಅರಳುವ ವಾಸನೆ. ದಾವಣಗೆರೆಯ ಭಟ್ಟಿಗಳ ಓಣಿಯಲ್ಲಿ ಅಪ್ಪನ ಬೆರಳು ಹಿಡಿದು ನಡೆಯುವಾಗ ಇಂದುಮತಿಯವರ ಪುಟ್ಟ ಮೂಗು ತುಂಬುತ್ತಿದ್ದ ವಾಸನೆ ಅದು. ಅರವತ್ತು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅದೇ ವಾಸನೆ ಪಕ್ಕದ ತಮ್ಮನ ಮನೆಯಿಂದ ತೇಲಿಬಂತು. ರೊಟ್ಟಿ ಹಿಟ್ಟಿನ ಕೈಯಲ್ಲೇ ಅವರು ಎದ್ದು ಹೋದರು.

ಹಜಾರದ ನಡುವೆ ಒಂದು ಕುರ್ಚಿ. ಅದರ ಬೆನ್ನಿಗೆ ಆಯುಧಪೂಜೆಯ ವಿಭೂತಿ, ಕುಂಕುಮ, ಚೆಂಡುಹೂವು. ಪಕ್ಕದಲ್ಲಿ ತಮ್ಮ ಫಾಲಾಕ್ಷ ಮದುಮಗನಂತೆ ನಿಂತಿದ್ದ.

"ನಿದ್ದೆ ಕುರ್ಚಿ ಅಕ್ಕ. ಕೂತವರಿಗೆ ಹಿಡಿಸೋ ವಾಸನೆ ಹುಡುಕಿ ಬಿಡ್ತೈತಿ, ತೂಗ್ತೈತಿ, ಮೈ ಹಗುರ ಮಾಡ್ತೈತಿ."

ಕುರ್ಚಿಯಲ್ಲಿ ಅವನ ಹೆಂಡತಿ ಸರ್ವಮಂಗಳ ಕೂತಿದ್ದಳು. ತನ್ನ ತಾಯಿಯ ಕೊನೆಯ ಕಾಯಿಲೆಯಲ್ಲಿ ಹಾಸಿಗೆಯ ಪಕ್ಕ ಬಿಟ್ಟು ಕದಲದವಳು. ತಾಯಿ ಹೋಗಿ ವರ್ಷವಾದರೂ ಯಾರೋ ಕರೆದಂತಾಗಿ ಎಚ್ಚರವಾಗುತ್ತಿದ್ದಳು. ನಡುವೆ ಕಡಿಯದ ಒಂದೇ ಒಂದು ನಿದ್ದೆ ಅವಳಿಗೆ ಬರಲಿ ಎಂದೇ ಫಾಲಾಕ್ಷ ಇಷ್ಟೆಲ್ಲ ಮಾಡಿದ್ದು.

ಕುರ್ಚಿ ತೂಗಿತು. ಅವಳ ಕಣ್ಣು ಮುಚ್ಚಿತು. ಆಗ ಕುರ್ಚಿ ಗಂಟಲು ಸರಿಮಾಡಿಕೊಂಡಿತು.

"ಏಳಿ ತಾಯಿ. ಈ ಕುರ್ಚಿ ಹಿತವಾಗಿದೆ. ಒಪ್ಪಿದರೆ ಐದು, ಒಪ್ಪದಿದ್ದರೆ ಒಂದು."

"ಮಲಗಿದೋಳನ್ನ ಎಬ್ಬಿಸಿ, ಹೆಂಗೆ ಮಲಗಿದ್ರಿ ಅಂತ ಕೇಳೋದೇನೋ?" ಎಂದರು ಇಂದುಮತಿ.

"ಕೇಳದೆ ಅದಕ್ಕೆ ಹೆಂಗೆ ಗೊತ್ತಾಗಬೇಕಕ್ಕ? ಹತ್ತು ವಾಕ್ಯ. ನೂರಕ್ಕೆ ಎಂಬತ್ತು ಬಂದರೆ ಸುಮ್ಮನಾಗ್ತೈತಿ. ಬರದಿದ್ದರೆ ತನ್ನನ್ನು ತಾನೇ ತಿದ್ದಿಕೊಳ್ತೈತಿ."

ಗಂಡ ಮಾಡಿದ ಕುರ್ಚಿ. ಸರ್ವಮಂಗಳ ಹತ್ತಕ್ಕೂ ಐದೈದೇ ಕೊಟ್ಟಳು.

"ಐವತ್ತು," ಎಂದಿತು ಕುರ್ಚಿ, ನೊಂದ ದನಿಯಲ್ಲಿ. "ಇನ್ನೂ ಪ್ರಯತ್ನ ಮಾಡುತ್ತೇನೆ."

ವಾಸನೆ ಇಮ್ಮಡಿಯಾಯಿತು. ಬೀದಿಯವರು ಮಂಡಕ್ಕಿ ಕೊಳ್ಳಲು ಚೀಲ ಹಿಡಿದು ಬಂದರು. ಅವಳು ಮತ್ತೆ ಮಲಗಿದಳು, ಕುರ್ಚಿ ಮತ್ತೆ ಎಬ್ಬಿಸಿತು, ಮತ್ತೆ ಐದೈದು, ಮತ್ತೆ ಐವತ್ತು. ಈ ಸಲ ಕುರ್ಚಿ ಅವಳ ಮೈಯನ್ನು ಹಗುರ ಮಾಡಿತು, ತಾನೂ ಹಗುರಾಯಿತು. ನೆಲ ಬಿಟ್ಟು ನಿಧಾನವಾಗಿ, ಬೇಸಗೆಯ ಮೋಡದಂತೆ, ಫ್ಯಾನಿನ ಪಕ್ಕಕ್ಕೆ ಹೋಗಿ ನಿಂತಿತು.

"ಇಳಿಸ್ರೀ," ಎಂದಳು ಸರ್ವಮಂಗಳ, ಕಿಟಕಿಯ ಮೇಲಿನಿಂದ. "ಇಲ್ಲಿ ಜೇಡರಬಲೆ ಐತಿ."

"ಲೆಕ್ಕ ಸರಿ ಇತ್ತಲ್ಲ," ಫಾಲಾಕ್ಷ ತಲೆ ಕೆರೆದುಕೊಂಡ. "ಒಂದು ವಾಕ್ಯ ಹೊಗಳಿಕೆ, ಮುಂದಿನದು ತೆಗಳಿಕೆ. ಹೊಗಳಿಕೆಗೆ ಐದು ಅಂದ್ರೆ ಪೂರಾ ಹತ್ತು ಅಂಕ; ತೆಗಳಿಕೆಗೆ ತಿರುವಿ ಹಾಕಿ, ಐದು ಅಂದ್ರೆ ಸೊನ್ನೆ, ಒಂದು ಅಂದ್ರೆ ಹತ್ತು ಹಿಡೀಬೇಕು."

"ತೆಗಳಿದ್ದು ನನಗೆ ಕೇಳಲೇ ಇಲ್ಲವಲ್ಲೋ?"

ಅವನ ಮುಖ ಬಾಡಿತು. "ಪೂಜೆ ದಿನ ಕೆಟ್ಟ ಮಾತು ಬೇಡ ಅಂತ ಇವಳು ಅಂದಳು. ತೆಗಳೋ ಐದೂ ವಾಕ್ಯ ಒಳ್ಳೇ ಮಾತಾಗಿ ಬದಲಿಸಿದೆ. ತಿರುವೋದನ್ನ ನಿಲ್ಲಿಸಲಿಲ್ಲ."

"ಹೊಗಳಿದಷ್ಟೂ ಕಳೀತಿತ್ತು. ಪಾಪ, ಕುರ್ಚಿ," ಎಂದರು ಇಂದುಮತಿ.

"ಮಂಗಳಾ," ಅವನು ಮೇಲೆ ನೋಡಿ ಕೂಗಿದ, "ಎರಡನೇದು, ನಾಲ್ಕನೇದು, ಹಂಗೇ ಒಂದು ಬಿಟ್ಟು ಒಂದಕ್ಕೆ, ಒಂದೇ ಕೊಡು."

"ನನ್ನ ಸಲುವಾಗಿ ಮಾಡಿದ್ದಕ್ಕೆ ಒಂದಾ? ಕೊಡಲ್ಲ."

"ನಾನೇ ಹೇಳ್ತೀನಲ್ಲ."

"ನೀವು ಹೇಳಿದರೂ ಅದು ಬೇಜಾರು ಮಾಡ್ಕೊಳ್ತೈತಿ."

"ಅದು ಖುಷಿಪಡ್ತೈತಿ ಮಾರಾಯ್ತಿ, ಕೊಡೇ."

ಅವಳು ಕುರ್ಚಿಯ ತೋಳನ್ನು ಸವರುತ್ತಾ ಐದು, ಒಂದು, ಐದು, ಒಂದು ಎಂದಳು. ಪ್ರತಿ ಒಂದಕ್ಕೂ ದನಿ ತಗ್ಗುತ್ತಿತ್ತು.

"ನೂರು," ಎಂದು ಕುರ್ಚಿ ನಿಟ್ಟುಸಿರಿಟ್ಟಿತು. ಅಲ್ಲೇ, ಸೂರಿನ ಕೆಳಗೇ, ಗೊರಕೆ ಹೊಡೆಯತೊಡಗಿತು. ಅದರ ಜೊತೆ ಸರ್ವಮಂಗಳಳೂ.

ಕೆಳಗಿಳಿಸಲು ಒಂದೇ ದಾರಿ, ಎಬ್ಬಿಸುವುದು. ಅಕ್ಕ, ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೀಲ ಹಿಡಿದು ಬಂದವರೂ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಹಿಂದೆ ಸರಿದರು. ಇಳಿಬಿದ್ದ ಅವಳ ಸೆರಗಿಗೆ ಫಾಲಾಕ್ಷ ತನ್ನ ಪಂಚೆಯ ತುದಿ ಗಂಟುಹಾಕಿ, ಅವಳು ಬಾಗಿಲಾಚೆ ತೇಲಿಹೋಗದಂತೆ ಹಿಡಿದುಕೊಂಡು ನಿಂತ.

ಸಂಜೆಯಾಯಿತು. ಮೇಲೆ ಯಾರೂ ಯಾರನ್ನೂ ಕರೆಯಲಿಲ್ಲ.

"ಪಂಚೆ ಬಿಗಿಯಾಗಿ ಉಟ್ಟಿದ್ದೀಯಷ್ಟೆ?" ಎಂದು ಪಿಸುಗುಟ್ಟುತ್ತಾ ಇಂದುಮತಿ, ಬಿಸಿ ರೊಟ್ಟಿಯಲ್ಲಿ ಪಲ್ಯ ಸುತ್ತಿ ತಮ್ಮನ ಬಿಡುವಾಗಿದ್ದ ಒಂದು ಕೈಗೆ ಇಟ್ಟರು.