ಒಂದು ಲಕ್ಷದ ಮೂರು ಎಂಬ ಸಂಖ್ಯೆಗೆ, ಬತ್ತಿಗಳ ವಿಷಯವಾಗಿ

ಮಾನ್ಯ ಒಂದು ಲಕ್ಷದ ಮೂರು ಅವರೇ,

ದಾವಣಗೆರೆಯ ದೇವರಾಜ ಅರಸು ಬಡಾವಣೆಯಿಂದ ಪದ್ಮಶ್ರೀ ಮಾಡುವ ನಮಸ್ಕಾರಗಳು. ಆರು ಅಂಕಿಗಳ ತಮ್ಮ ಸಂಸಾರದಲ್ಲಿ ನಾಲ್ಕೂ ಸೊನ್ನೆಗಳು ಕ್ಷೇಮವೆಂದು ನಂಬಿದ್ದೇನೆ.

ನಮ್ಮ ಅತ್ತೆ ಕೊಟ್ರವ್ವನವರು ಎರಡು ವರ್ಷ ಕೂತು ಲಕ್ಷ ಹೂಬತ್ತಿ ಹೊಸೆದರು. ನೂರರ ಕಟ್ಟು ಸರಿಯಾಗಿ ಸಾವಿರ. ಕಾರ್ತಿಕದ ಕೊನೆಯ ಸೋಮವಾರ ಸಂಜೆ ಹರಿಹರದ ಹೊಳೆ ದಂಡೆಯಲ್ಲಿ ನಮ್ಮ ಓಣಿಯ ಹತ್ತು ಹೆಂಗಸರು ತಲಾ ಹತ್ತು ಸಾವಿರ ಹಚ್ಚಬೇಕು, ಯಾರಿಗೂ ಹೆಚ್ಚು ಕಡಿಮೆ ಆಗಬಾರದು, ಒಂದೂ ಉಳಿಯಬಾರದು ಎಂಬುದು ಅವರ ಸಂಕಲ್ಪ. ಅಲ್ಲಿಯವರೆಗೆ ತಾವು ನಮ್ಮ ಮನೆಗೆ ಬಂದಿರಲಿಲ್ಲ. ಕೊನೆಯ ದಿನ ನಾನು, ಭಕ್ತಿಯಿಂದಲೋ ನಾಚಿಕೆಯಿಂದಲೋ ಇನ್ನೂ ತಿಳಿಯದು, ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಹತ್ತಿ ಹಿಡಿದು ಮೂರು ಬತ್ತಿ ಹೊಸೆದೆ. ಒಂದು ಸೊಟ್ಟ, ಒಂದು ದಪ್ಪ, ಮೂರನೆಯದರ ಮಾತು ಬೇಡ. ಅತ್ತೆ ಮೂರನ್ನೂ ಬುಟ್ಟಿಗೆ ಹಾಕಿ, "ಕಾಲೇಜಲ್ಲಿ ಲೆಕ್ಕ ಹೇಳಿಕೊಡ್ತೀಯಲ್ಲವ್ವ, ಸಮಾ ಪಾಲು ಮಾಡು ನೋಡಾನ" ಎಂದರು.

ಆಗ ತಮ್ಮ ದರ್ಶನವಾಯಿತು. ಹತ್ತು ಜನಕ್ಕೆ ಹಂಚಿದರೆ ಮೂರು ಉಳಿದವು. ಏಳು ಜನ ಸಾಕೆಂದರೆ ಒಂದು ಉಳಿಯಿತು. ಬಾತಿಯಿಂದ ಅತ್ತೆಯ ತಂಗಿಯನ್ನು ಕರೆಸಿ ಹನ್ನೊಂದು ಮಾಡೋಣವೆಂದರೆ ಎರಡು. ಹಠಕ್ಕೆ ಬಿದ್ದು ಎರಡರಿಂದ ಮುನ್ನೂರ ಹದಿಮೂರರವರೆಗಿನ ಅರವತ್ತೈದು ಅವಿಭಾಜ್ಯ ಸಂಖ್ಯೆಗಳನ್ನೂ ತಮ್ಮ ಬಾಗಿಲಿಗೆ ಕಳಿಸಿದೆ. ಎಲ್ಲವೂ ಗೇಟಿನಿಂದಲೇ ವಾಪಸ್. ಅದರಾಚೆ ನೋಡುವ ಅಗತ್ಯವಿಲ್ಲವೆಂದು ವರ್ಷಾನುಗಟ್ಟಲೆ ಪಾಠ ಮಾಡಿದವಳು, ನನ್ನ ಮೇಲೇ ಅನುಮಾನ ಬಂದು ಮುನ್ನೂರ ಹದಿನೇಳನ್ನೂ ಕಳಿಸಿದೆ. ಇಂಗ್ಲಿಷ್ ಶಾಲೆಯಲ್ಲಿ ತಮ್ಮಂಥವರನ್ನು 'ಪ್ರೈಮ್' ಎಂದಷ್ಟೇ ಕಲಿತಿದ್ದೆ. ಅವಿಭಾಜ್ಯ ಎಂಬ ಮಾತಿನ ಬಿಗಿ ಈ ವಾರ ತಿಳಿಯಿತು.

ಎಲ್ಲರೂ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ' ಎನ್ನುವ ಈ ಊರಿನಲ್ಲಿ, ಒಂದನ್ನೂ ತಮ್ಮನ್ನೂ ಬಿಟ್ಟು ಯಾರಿಗೂ ಜಗ್ಗದ ತಮ್ಮ ಘನತೆ ದೊಡ್ಡದೇ. ಆದರೂ ಸೋಮವಾರದ ಒಂದು ಸಂಜೆ ಮಾತ್ರ ಹತ್ತಕ್ಕೆ ಭಾಗವಾಗಿ, ಮಂಗಳವಾರ ಬೆಳಿಗ್ಗೆ ಮತ್ತೆ ಅವಿಭಾಜ್ಯರಾಗಬಹುದೇ, ಅದಾಗದಿದ್ದರೆ ತಲಾ ಒಂದು ಬತ್ತಿ ಹಚ್ಚಲು ಒಂದು ಲಕ್ಷದ ಮೂರು ಹೆಂಗಸರನ್ನು ಹರಿಹರದ ಬಸ್ಸಿಗೆ ಹತ್ತಿಸಿಕೊಡುವಿರಾ ಎಂದು ಕೇಳುವುದು ಈ ಪತ್ರದ ಮೂಲ ಉದ್ದೇಶವಾಗಿತ್ತು.

ಸುಲಭದ ದಾರಿ ನನಗೂ ಹೊಳೆಯದೇ ಇರಲಿಲ್ಲ. ನನ್ನ ಮೂರನ್ನು ತೆಗೆದುಬಿಡಿ, ಲಕ್ಷ ಸರಿಹೋಗುತ್ತದೆ ಎಂದೆ. ಹೇಳುವಾಗ ಧ್ವನಿ ನಾನಂದುಕೊಂಡಷ್ಟು ಸಲೀಸಾಗಿರಲಿಲ್ಲ. ಅತ್ತೆ ಕಣ್ಣೆತ್ತದೆ, "ನಿನ್ನವು ಮೂರು ತೆಗೆದು ನನ್ನ ಲಕ್ಷ ತಗೊಂಡು ಏನ್ ಮಾಡ್ಲಿ? ಪಾಲೇ ಬ್ಯಾಡ. ಎಲ್ಲಾ ಒಂದೇ ಕೊಪ್ಪರಿಗೆಗೆ ಸುರಿ, ಹತ್ತೂ ಮಂದಿ ಒಟ್ಟಿಗೆ ದೀಪ ಮುಟ್ಟಿಸಾನ" ಎಂದರು. ಅರವತ್ತಾರು ಭಾಗಾಕಾರಗಳಲ್ಲಿ ನಾನು ಒಂದರಿಂದ ಮಾತ್ರ ಭಾಗಿಸಿ ನೋಡಿರಲಿಲ್ಲ. ಆದ್ದರಿಂದ ಮೇಲಿನ ಕೋರಿಕೆಯನ್ನು ಹಿಂತೆಗೆದುಕೊಂಡಿದ್ದೇನೆ.

ತಮ್ಮ ಶೇಷವಿಲ್ಲದ ವಿಶ್ವಾಸಿ,
ಪದ್ಮಶ್ರೀ

ತಾ.ಕ.: ಪಕ್ಕದ ಮನೆಯ ನಿರ್ಮಲಮ್ಮ ತಾನೂ ಒಂದು ಬತ್ತಿ ಹೊಸೆಯುತ್ತೇನೆಂದು ಹತ್ತಿ ಕೇಳಿದ್ದಾರೆ. ಹೊಸೆದರೆ ತಮ್ಮ ಜಾಗಕ್ಕೆ ಎರಡು, ನಾಲ್ಕು, ಇಪ್ಪತ್ಮೂರು ಯಾರು ಬಂದರೂ ಬಾಗಿಲು ತೆರೆಯುವ ಸಾಧಾರಣ ಸಮಸಂಖ್ಯೆಯೊಂದು ಬಂದು ಕೂರುತ್ತದೆ. ಇನ್ನಾದರೂ ಸ್ವಲ್ಪ ಮೆತ್ತಗಿರುವುದು ಒಳ್ಳೆಯದು. ಹತ್ತಿ ಸದ್ಯ ನನ್ನ ಕೈಯಲ್ಲಿದೆ.