ಕಾಕಾ ಓದಿದ ಬ್ಲಾಗು

ಬರೆಯುವವರೆಲ್ಲ ಓದುಗರಿಗಾಗಿ ಹಂಬಲಿಸುತ್ತಾರೆ. ನಾನೂ ಹಂಬಲಿಸಿದವನೇ. ಆದರೆ ನಿಜವಾಗಿಯೂ ಒಬ್ಬ ಓದುಗ ಸಿಕ್ಕಿಬಿಟ್ಟರೆ ಕೈಕಾಲು ತಣ್ಣಗಾಗುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಸಿಂದಗಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ನಾನು ಕೆಲವು ವರ್ಷಗಳಿಂದ ಒಂದು ಬ್ಲಾಗು ಬರೆಯುತ್ತಿದ್ದೇನೆ. ಹಿನ್ನೆಲೆಗೆ ಸೂರ್ಯಕಾಂತಿ ಹೊಲದ ಚಿತ್ರ ಹಾಕಿದ್ದೆ. ಅದರ ಮೇಲೆ ಹಳದಿ ಅಕ್ಷರ. ತೆರೆದ ಕೂಡಲೇ ಕೊಳಲು ಊದುತ್ತಿತ್ತು, ಬಲಗಡೆ ಗಡಿಯಾರ ತಿರುಗುತ್ತಿತ್ತು. ನಮ್ಮ ಲಗ್ನದ ಹಂದರವನ್ನೂ ಇಷ್ಟು ಶೃಂಗರಿಸಿರಲಿಲ್ಲ. ಬಂಧುಗಳೆಲ್ಲ "ಭಾಳ ಛಲೋ ಐತಿ" ಎನ್ನುತ್ತಿದ್ದರು, ನಾನು ನಂಬಿದ್ದೆ. ಒಂದು ಭಾನುವಾರ ಹೊಸ ಬರಹವೊಂದನ್ನು ಓದಿ ಹೇಳೆಂದು ಹೆಂಡತಿ ಸುಮಿತ್ರಾಳಿಗೆ ಮೊಬೈಲ್ ಕೊಟ್ಟೆ. ದೂರ ಹಿಡಿದಳು, ಹತ್ತಿರ ಹಿಡಿದಳು, ಕೊನೆಗೆ ನನ್ನ ಕೈಗೇ ಕೊಟ್ಟಳು.

"ಹಳದಿ ಮ್ಯಾಲೆ ಹಳದಿ ಬರದ್ರ ಏನ್ ಕಾಣಸ್ತೈತ್ರಿ? ನಾ ಇದನ್ನ ಒಂದ ದಿನಾನೂ ಓದಿಲ್ಲ."

"ಮತ್ತ ಛಲೋ ಐತಿ ಅಂತಿದ್ದಿ?"

"ಕೊಳಲು ಛಲೋ ಐತ್ರಿ."

ಅಂದೇ ಕುಳಿತು ಎಲ್ಲವನ್ನೂ ಕಿತ್ತುಹಾಕಿದೆ. ಬಿಳಿ ಪುಟ, ದಪ್ಪನೆಯ ಕಪ್ಪು ಅಕ್ಷರ, ಸಾಲುಗಳ ನಡುವೆ ಕಣ್ಣಿಗೆ ಹಿತವಾಗುವಷ್ಟು ಜಾಗ. ಹೆಮ್ಮೆಯಿಂದ ಬಳಗದ ವಾಟ್ಸ್ಯಾಪ್ ಗುಂಪಿಗೆ ಕಳಿಸಿದೆ. ಮರುದಿನವೇ ಕೊಲ್ಹಾರದಿಂದ ನನ್ನ ತಂದೆಯ ತಮ್ಮ, ನಮ್ಮ ಕಾಕಾ, ಫೋನು ಮಾಡಿದರು.

"ತಮ್ಮಾ, ಈಗ ಚಾಳೀಸಿಲ್ಲದ ಓದಾಕ ಬರತೈತಿ ನೋಡು. ಹಿಂದಿಂದೂ ಎಲ್ಲಾ ಓದೇನಿ. ನಾಳಿ ಬಸ್ಸಿಗೆ ಬರ್ತೇನಿ."

ಫೋನಿಟ್ಟವನೇ ಹಳೆಯ ಬರಹಗಳನ್ನು ತೆರೆದು ಕುಳಿತೆ. ಅವುಗಳಲ್ಲಿ ಕಾಕಾರ ಮೇಲೆಯೇ ಒಂದು ಬರಹವಿತ್ತು. ಹಳೆಯ ಕೊಲ್ಹಾರದಲ್ಲಿ ಅವರದು ಎರಡು ಕೋಣೆಯ ಮನೆ. ಚಿಕ್ಕಂದಿನಲ್ಲಿ ನಾನು ಅಲ್ಲಿ ಆಡಿದ್ದೇನೆ. ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಆ ಮನೆ ಕಾಕಾರ ಮಾತಿನಲ್ಲಿ ಬೆಳೆಯತೊಡಗಿತು. ಮೊದಲು ಪಡಸಾಲೆ ಬಂತು, ಆಮೇಲೆ ಅಟ್ಟ ಬಂತು, ಬಸವನ ಬಾಗೇವಾಡಿಯ ಬೀಗರ ಮುಂದೆ ಹೇಳುವಾಗ ಕುದುರೆ ಕಟ್ಟುವ ಜಾಗವೂ ಬಂತು. ಹೋಗಿ ನೋಡೋಣವೆಂದರೆ ಮೇಲೆ ನೀರು. ಇದನ್ನೆಲ್ಲ ನಾನು ಬಾಯಿ ಚಪ್ಪರಿಸಿ ಬರೆದಿದ್ದೆ. ಅಳಿಸಿಬಿಡೋಣವೆಂದರೆ ಅವರು ಓದಿಯಾಗಿತ್ತು.

ಕಾಕಾ ಬಂದರು. ಚಹಾ ಮುಗಿಸಿ, ಮೊಬೈಲ್ ತೆಗೆದು ಆ ಪುಟವನ್ನೇ ನನ್ನ ಮುಂದೆ ಹಿಡಿದರು.

"ಎರಡ ಖೋಲಿ ಅಂತ ಬರದೀಯಲ್ಲ?"

"ತಪ್ಪಾತ್ರಿ ಕಾಕಾ."

"ತಪ್ಪೆಲ್ಲಿ? ಖರೇನ ಐತಿ. ಎರಡ ಇದ್ವು." ಮೊಬೈಲ್ ಕೆಳಗಿಟ್ಟು ಚಿಕ್ಕಮ್ಮನ ಮಾತು ತೆಗೆದರು. "ನಿಮ್ಮ ಕಾಕು ಅಡಗಿ ಮಾಡೂಮುಂದ ನಾವೆಲ್ಲಾ ಹೊರಗ ಕುಂದರ್ತಿದ್ವಿ, ಒಳಗ ಜಾಗಾ ಸಾಲ್ತಿರ್ಲಿಲ್ಲ. ಆಕಿಗೊಂದ ಪಡಸಾಲಿ ಕಟ್ಟಿಸಿ ಕೊಡಬೇಕಂತ ಭಾಳ ಇತ್ತು. ಅಷ್ಟರಾಗ ನೀರು ಬಂತು."

ನಾನು ಬೈಗುಳಕ್ಕೆ ಸಿದ್ಧನಾಗಿ ಕುಳಿತಿದ್ದೆ. ಇತಿಹಾಸದ ಮಾಸ್ತರನಾಗಿ ಇಷ್ಟು ವರ್ಷ ಇದೊಂದನ್ನು ನಾನು ಕೇಳಿರಲಿಲ್ಲ.

"ಅಕ್ಷರ ಇಷ್ಟ ದೊಡ್ಡೂ ಮಾಡೀದಿ," ಎಂದರು ಕಾಕಾ ಮೆಲ್ಲಗೆ, "ಮನೀನೂ ಚೂರ ದೊಡ್ಡದ ಮಾಡಪಾ."

ಅವರೆದುರೇ ಪಡಸಾಲೆ ಕಟ್ಟಿದೆ, ಅಟ್ಟ ಏರಿಸಿದೆ. ಕುದುರೆಯ ವಿಷಯ ಅವರೇ ಬೇಡವೆಂದರು. ಅವರನ್ನು ಬಸ್ಸು ಹತ್ತಿಸಿ ಬಂದವನು ಮತ್ತೊಮ್ಮೆ ಆ ಪುಟ ತೆರೆದು, ಯಾರೂ ಕೇಳದಿದ್ದರೂ, ಹಿತ್ತಲಲ್ಲಿ ಒಂದು ಬಾವಿ ತೋಡಿದೆ. ಚಿಕ್ಕಂದಿನಲ್ಲಿ ಅದರ ಸಿಹಿನೀರನ್ನು ನಾನೇ ಕುಡಿದಿದ್ದೇನೆ ಎಂದೂ ಬರೆದೆ.