ಎರಡು ತೂತಲ್ಲೂ ಕರೆಂಟು

ನಾನಾಯ್ ಪಚಿಂಗ್, ಅಂದರೆ ಪಚಿಂಗಮ್ಮನವರ ರೈಸ್ ಕುಕ್ಕರ್ ಬೆಳಿಗ್ಗೆಯೇ ಮುನಿಸಿಕೊಂಡಿತು. ತಪ್ಪು ಕುಕ್ಕರಿನದಲ್ಲ, ಅಡುಗೆಮನೆಯ ಸಾಕೆಟ್ಟಿನದು. ಸುದ್ದಿ ಕಿವಿಗೆ ಬಿದ್ದದ್ದೇ ಎಲಿಸೆಯೋ ಜೇಬಿಗೆ ಟೆಸ್ಟರ್ ಸಿಕ್ಕಿಸಿಕೊಂಡು, ಹಿನ್ನೆಲೆ ಸಂಗೀತ ತನಗೊಬ್ಬನಿಗೇ ಕೇಳಿಸುತ್ತಿದೆ ಎಂಬಂತೆ ಸ್ಲೋಮೋಷನ್ನಿನಲ್ಲಿ ನಡೆದುಬಂದ.

ಬುಲಾಕಾನ್ ಸೀಮೆಯಲ್ಲಿ ಹುಡುಗಿ ಒಪ್ಪಿದರೆ ಸಾಲದು. ಅವಳ ಮನೆಗೆ ನೀರು ಹೊತ್ತು, ಸೌದೆ ಸೀಳಿ, ತಾಯಿಯ ಬಾಯಿಂದ ‘ಹೂಂ’ ಹೊರಡಿಸಬೇಕು. ಮಗಳು ರೊಸಾಲ್ ಎಲಿಸೆಯೋನನ್ನು ಒಪ್ಪಿ ವರ್ಷವಾಗಿತ್ತು. ನಾನಾಯ್ ಬಾಯಿಂದ ಮಾತ್ರ ‘ಆ ಪಂಪೊಂದು ನೋಡಪ್ಪ’ ಎನ್ನುವುದಕ್ಕಿಂತ ಹೆಚ್ಚೇನೂ ಹೊರಟಿರಲಿಲ್ಲ.

“ಇವತ್ತು ಇದು ಸರಿಯಾದ್ರೆ ಮದ್ವೆ ಮಾತು ಕೇಳೇಬಿಡ್ತೀನಿ,” ಎಂದ ರೊಸಾಲ್ ಕಿವಿಯಲ್ಲಿ.

“ಮೊದ್ಲು ಅನ್ನ ಬೇಯ್ಲಿ, ಹೀರೋ,” ಎಂದಳು.

ಎಲಿಸೆಯೋನ ಕರೆಂಟಿನ ವಿದ್ಯೆಯೆಲ್ಲ ಫೋನಿನ ವಿಡಿಯೋದಲ್ಲಿ ಯಾರೋ ಪರದೇಶದವನು ಕಲಿಸಿದ್ದು. ಒಂದು ತೂತಿಗೆ ಟೆಸ್ಟರ್ ಇಟ್ಟರೆ ಬೆಳಗಬೇಕು, ಇನ್ನೊಂದಕ್ಕೆ ಇಟ್ಟರೆ ಬೆಳಗಬಾರದು. ಕೆಟ್ಟ ಸಾಕೆಟ್ಟಿಗೆ ಇಟ್ಟ. ಒಂದು ಬೆಳಗಿತು, ಇನ್ನೊಂದಿಲ್ಲ. ಅರೆ, ಸರಿಯಾಗಿಯೇ ಇದೆ. ಅನುಮಾನ ತೀರಲೆಂದು ಫ್ರಿಜ್ಜಿನ ಸಾಕೆಟ್ಟಿಗೆ ಇಟ್ಟ. ಎರಡೂ ಬೆಳಗಿದವು. ಟಿವಿಯದೂ ಎರಡೂ. ಫ್ಯಾನಿನದೂ ಎರಡೂ.

“ನಾನಾಯ್, ಕೆಟ್ಟಿರೋದೊಂದೇ ಸರಿಯಾಗಿದೆ. ಸರಿಯಾಗಿರೋವೆಲ್ಲ ಕೆಟ್ಟಿವೆ.”

ಜ್ವರ ಬಂದ ಮಗುವನ್ನು ನೋಡುವಂತೆ ನಾನಾಯ್ ಅವನನ್ನು ನೋಡಿದರು. “ಈ ವೈರಿಂಗು ನಮ್ಮೆಜಮಾನ್ರು ಕೈಯಾರೆ ಮಾಡಿದ್ದು. ಅವರು ಹೋದ್ರೂ ಇದು ಹೋಗಿಲ್ಲ.”

ಎಲಿಸೆಯೋ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಕಿಟಕಿಯಲ್ಲಿ ಪಕ್ಕದ ಮನೆಯ ಆಲಿಂಗ್ ಬೆಬಾಂಗ್ ಮುಖ ಮೂಡಿತ್ತು. ಮುಂದಿನದನ್ನು ಕೇಳಬೇಕೇ? ‘ಎರಡು ತೂತಲ್ಲೂ ಕರೆಂಟಂತೆ’ ಎಂಬ ಸುದ್ದಿ ಓಣಿಯಲ್ಲಿ ಕರೆಂಟಿಗಿಂತ ಜೋರಾಗಿ ಹರಿಯಿತು. ಎದುರುಮನೆಯ ಮಾಂಗ್ ಟೆಮ್ಯೊಂಗ್ ಅವನನ್ನು ರಟ್ಟೆ ಹಿಡಿದು ಕರೆದೊಯ್ದರು. ಅಲ್ಲೂ ಎರಡೂ ಬೆಳಗಿದವು. ಬೆಬಾಂಗ್ ಮನೆಯಲ್ಲೂ ಅಷ್ಟೇ.

“ಯಾರೂ ಏನೂ ಮುಟ್ಬೇಡಿ. ಎಲ್ರೂ ಮೇನ್ ಆಫ್ ಮಾಡಿ,” ಎಂದು ಎಲಿಸೆಯೋ ಬಾಂಬ್ ಸಿಕ್ಕಿದ ಪೊಲೀಸ್ ಆಫೀಸರನಂತೆ ಕೈಯೆತ್ತಿದ.

ಟೆಮ್ಯೊಂಗ್ ಮೊಮ್ಮಗಳ ಹುಟ್ಟುಹಬ್ಬದ ಕರಾವೋಕೆ ಹಾಡು ಪಲ್ಲವಿಯ ನಡುವೆಯೇ ಪ್ರಾಣಬಿಟ್ಟಿತು. ಬೆಬಾಂಗ್ ಮಾರಲು ಇಟ್ಟಿದ್ದ ಐಸ್ ಕ್ಯಾಂಡಿ ಶರಬತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಓಣಿ ಬೀಸಣಿಗೆ ಹಿಡಿದು ನಾನಾಯ್ ಜಗಲಿಯಲ್ಲಿ ಬೆವರುತ್ತಿತ್ತು.

ಆಗ ನಾನಾಯ್ ಮೆಲ್ಲಗೆ ಹೇಳಿದರು: “ಎಲಿಸೆಯೋ, ನಮ್ ಕಡೆ ಎರಡು ತಂತೀಲೂ ಕರೆಂಟ್ ಬರೋದೇ. ಅರ್ಧ ಇದು ಹೊರುತ್ತೆ, ಅರ್ಧ ಅದು. ಗಂಡ ಹೆಂಡ್ತಿ ಥರ ಅಂತಿದ್ರು ನಮ್ಮೋರು. ಒಂದೇ ಬೆಳಗ್ತಿದೆ ಅಂದ್ರೆ ಇನ್ನೊಂದು ಕಿತ್ಕೊಂಡು ಹೋಗಿದೆ ಅಂತ.”

“ಮೊದ್ಲೇ ಹೇಳೋದಲ್ವಾ, ಪಚಿಂಗ್?” ಟೆಮ್ಯೊಂಗ್ ಗೊಣಗಿದರು.

“ನನ್ನ ಯಾರು ಕೇಳಿದ್ರಿ?”

“ಏನಪ್ಪಾ ಇಂಜಿನಿಯರ್, ನಿನ್ ಮದ್ವೆಗೆ ಮೇಣದ ಬತ್ತಿ ನಾವೇ ತರ್ತೀವಿ ಬಿಡು,” ಎಂದು ಬೆಬಾಂಗ್ ಎದ್ದರು. ಓಣಿ ಕರಗಿತು.

ತಲೆ ತಗ್ಗಿಸಿಕೊಂಡೇ ಎಲಿಸೆಯೋ ಸಾಕೆಟ್ ಬಿಚ್ಚಿದ. ನಿಜ, ಒಂದು ತಂತಿ ಹೊರಗೆ ನೇತಾಡುತ್ತಿತ್ತು. ಅದನ್ನು ಹಿಡಿಯಬೇಕಾದ ಸ್ಕ್ರೂ ಇರಲಿಲ್ಲ.

“ಸ್ಕ್ರೂ ಎಲ್ಲಿ,” ಎಂದು ತನ್ನಷ್ಟಕ್ಕೆ ಗೊಣಗುತ್ತ ಕೈಚಾಚಿದ. ಮೀನು ಹುರಿಯುತ್ತಿದ್ದ ನಾನಾಯ್ ಹಿಂದೆ ತಿರುಗದೆಯೇ ಏಪ್ರನ್ ಜೇಬಿನಿಂದ ಸ್ಕ್ರೂ ತೆಗೆದು ಅವನ ಅಂಗೈ ಮೇಲಿಟ್ಟರು.

ಆಮೇಲೆ ಇಬ್ಬರೂ ಸ್ಕ್ರೂವನ್ನೇ ನೋಡಿದರು.

“ಹಾಗಾದ್ರೆ ಪಂಪು?” ಎಂದ.

“ಅದೂ ನಾನೇ.” ನಾನಾಯ್ ಮೀನು ಮಗುಚಿದರು. “ಕೆಲ್ಸ ಮಾಡ್ತಾ ಗೊಣಗ್ತೀಯಲ್ಲ ನೀನು. ನಮ್ಮೋರೂ ಹೀಗೇ ಗೊಣಗ್ತಿದ್ರು. ಮದ್ವೆ ಆದ್ಮೇಲೆ ಯಾಕೆ ಬರ್ತೀಯ?”

“ಬರ್ತೀನಿ, ನಾನಾಯ್.”

“ಎಲ್ಲ ಅಳಿಯಂದಿರೂ ಹಾಗೇ ಅನ್ನೋದು.”

ಎಲಿಸೆಯೋ ತಂತಿ ಬಿಗಿದ, ಮೇನ್ ಹಾಕಿದ. ಕುಕ್ಕರಿನ ದೀಪ ಹತ್ತಿತು. ರೊಸಾಲ್ ಓಡಿಬಂದಳು. “ಸರಿಯಾಯ್ತಾ? ಮಾತು ಕೇಳಿದ್ಯಾ?”

ಸಿಕ್ಕಿಬಿದ್ದ ನಾನಾಯ್ ತುಟಿಯ ಮೇಲೆ ‘ಹೂಂ’ ಬಂದು ನಿಂತಿತ್ತು. ಒಂದು ಮಾತು ಕೇಳಿದ್ದರೆ ಉದುರುತ್ತಿತ್ತು.

“ಇದೊಂದು ಸರಿಯಾಯ್ತು,” ಎಂದ ಎಲಿಸೆಯೋ, ರೊಸಾಲ್ ಕಣ್ಣು ತಪ್ಪಿಸಿ. “ಮನೇಲಿ ಇನ್ನೂ ತುಂಬಾ ಸಾಕೆಟ್ ಇವೆ, ರೊಸಾಲ್. ಈ ವರ್ಷ ಮುಗಿಯೋ ಹಾಗೆ ಕಾಣಲ್ಲ.”

ರೊಸಾಲ್ ಬಾಗಿಲನ್ನು ಧಡಾರನೆ ಹಾಕಿಕೊಂಡು ಹೋದಳು. ನಾನಾಯ್ ಅತಿ ದೊಡ್ಡ ಮೀನನ್ನೇ ಅವನ ತಟ್ಟೆಗೆ ಹಾಕಿದರು.

“ನಾಳೆ ಬೇಗ ಬಾ,” ಎಂದರು. “ಫ್ಯಾನ್ ಕೆಡೋ ಹಾಗಿದೆ.”